"ತೀರಿಕೊಂಡವರ ಹೆಸರು ಹಾಕಬಹುದು" ಅನ್ನೋದು ಸರಿಯಲ್ಲ

ಅತ್ಯಾಚಾರದ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತದೆ: "ಸಂತ್ರಸ್ತೆ ತೀರಿಕೊಂಡಿದ್ದರೆ ಮಾಧ್ಯಮದವರು ಹೆಸರು, ಫೋಟೊ ಹಾಕಬಹುದು. ಮನೆಯವರು ಹೂಂ ಅಂದರೆ ಸಾಕು." ಇದು ತಪ್ಪು.

ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಗುರುತು ಬಯಲು ಮಾಡುವುದು ಅಪರಾಧ. ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಳೆಯ ಐಪಿಸಿಯಲ್ಲಿ ಇದೇ 228ಎ ಆಗಿತ್ತು. ಮನೆಯವರು ಒಪ್ಪಿಗೆ ಬರೆದುಕೊಡುವುದಾದರೂ ಸರ್ಕಾರದ ಮಾನ್ಯತೆ ಇರುವ ಕಲ್ಯಾಣ ಸಂಸ್ಥೆಗೆ ಕೊಡಬೇಕು, ಚಾನೆಲ್‌ನವರ ಕೈಗಲ್ಲ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿ ಮಾಡಿತು. ತೀರಿಕೊಂಡವರ ಹೆಸರು ಹೇಳಲೇಬೇಕಾದ ಕಾರಣ ಇದೆಯಾ ಎಂದು ತೀರ್ಮಾನಿಸುವವರು ಸೆಷನ್ಸ್ ನ್ಯಾಯಾಧೀಶರು.

"ಮುಖ ಬ್ಲರ್ ಮಾಡಿದ್ದೀವಲ್ಲ" ಅನ್ನೋದೂ ಸುಮ್ನೆ ನೆಪ. ಮುಖ ಮಸುಕು. ಆದರೆ ಮನೆಯ ನೀಲಿ ಗೇಟು, ಪಕ್ಕದ ಅಂಗಡಿಯ ಬೋರ್ಡು, ಬಾಗಿಲಲ್ಲಿ ಕೂತು ಅಳುವ ಅಮ್ಮ, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಊರಿನವರಿಗೆ ಇನ್ನೇನು ಬೇಕು? ಗುರುತು ಸಿಗುವಂಥ ಯಾವ ವಿವರವೂ ಕೂಡದು ಎಂದು ಅದೇ ತೀರ್ಪು ಹೇಳಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ ಶಾಲೆ, ನೆರೆಹೊರೆಯ ವಿವರವನ್ನೂ ತಡೆಯುತ್ತದೆ.

ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಕೊಲೆಯಾದ ಬಾಲಕಿಯ ಗುರುತು ಹಾಕಿದ್ದಕ್ಕೆ 2018ರಲ್ಲಿ ದೆಹಲಿ ಹೈಕೋರ್ಟ್ 12 ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತ್ತು. ಆಕೆಯೂ ಬದುಕಿರಲಿಲ್ಲ ಅಲ್ವಾ?

ಒಂದು ಮಾತು ಮಾತ್ರ ನಿಜ. ಬದುಕುಳಿದ ವಯಸ್ಕ ಮಹಿಳೆ ತಾನೇ ಲಿಖಿತವಾಗಿ ಒಪ್ಪಿದರೆ ಹೆಸರು ಹಾಕಬಹುದು.