ಕಾಲಿಗೆ ಗುಂಡು ಬಿದ್ದ ಮೇಲೆ ತನಿಖೆ ಯಾರದು?

ಕನ್ನಡ ದಿನಪತ್ರಿಕೆಗಳ ಅಪರಾಧ ಸುದ್ದಿಗಳನ್ನು ಬಿಡದೆ ಓದುವವರಿಗೆ ಒಂದು ಬಗೆಯ ವರದಿ ಬಾಯಿಪಾಠವಾಗಿರುತ್ತದೆ. ಕೊಲೆಯ ಅಥವಾ ದರೋಡೆಯ ಆರೋಪಿಯನ್ನು ಹಿಡಿಯಲು ಪೊಲೀಸರು ಹೋಗುತ್ತಾರೆ. ಇಲ್ಲವೇ ಆಗಲೇ ಹಿಡಿದವನನ್ನು ಸ್ಥಳ ಮಹಜರಿಗೆಂದು, ಅಂದರೆ ಜಾಗವನ್ನು ಸಾಕ್ಷಿಗಳ ಎದುರು ಪರಿಶೀಲಿಸಿ ದಾಖಲಿಸಲೆಂದು, ಬೆಳಗಿನ ಜಾವ ಊರಾಚೆಗೆ ಕರೆದೊಯ್ಯುತ್ತಾರೆ. ಅವನು ಮೂತ್ರ ವಿಸರ್ಜನೆಯ ನೆಪ ಹೇಳಿ ಜೀಪಿನಿಂದ ಇಳಿಯುತ್ತಾನೆ, ಕಲ್ಲಿನಿಂದಲೋ ಚಾಕುವಿನಿಂದಲೋ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಹಲ್ಲೆ ಮಾಡಿ ಓಡತೊಡಗುತ್ತಾನೆ. ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಒಂದು ಸುತ್ತು ಗುಂಡು ಹಾರಿಸಿ ಶರಣಾಗುವಂತೆ ಎಚ್ಚರಿಸುತ್ತಾರೆ, ಅವನು ಕೇಳುವುದಿಲ್ಲ, ಆತ್ಮರಕ್ಷಣೆಗಾಗಿ ಅವನ ಕಾಲಿಗೆ ಗುಂಡು ಹಾರಿಸಲಾಗುತ್ತದೆ. ಗಾಯಗೊಂಡ ಸಿಬ್ಬಂದಿಯೂ ಆರೋಪಿಯೂ ಆಸ್ಪತ್ರೆಗೆ ದಾಖಲಾಗುತ್ತಾರೆ. ಒಂದು ವರದಿಗೂ ಇನ್ನೊಂದಕ್ಕೂ ಬದಲಾಗುವುದು ಊರು, ಠಾಣೆ ಮತ್ತು ಎಡಗಾಲೋ ಬಲಗಾಲೋ ಎಂಬ ವಿವರ ಮಾತ್ರ.

ಇದೆಲ್ಲವೂ ಕಟ್ಟುಕಥೆ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹಾಗೆ ಸಾರಾಸಗಟಾಗಿ ಹೇಳುವವರನ್ನು ನಾನು ಒಪ್ಪುವುದೂ ಇಲ್ಲ. 2014ರ ಜನವರಿಯಲ್ಲಿ ಕಲಬುರಗಿಯಲ್ಲಿ ಪಾತಕಿಯೊಬ್ಬನನ್ನು ಹಿಡಿಯಲು ಹೋದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆ ಗುಂಡಿನ ಕಾಳಗದಲ್ಲಿ ಗಾಯಗೊಂಡು ಕೆಲವು ದಿನಗಳ ನಂತರ ತೀರಿಕೊಂಡರು. 2015ರ ಅಕ್ಟೋಬರಿನಲ್ಲಿ ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್ ಬೈಕ್ ಕಳ್ಳರನ್ನು ಬೆನ್ನಟ್ಟಿ ನೆಲಮಂಗಲದಲ್ಲಿ ಇರಿತಕ್ಕೆ ಬಲಿಯಾದರು. ಮಚ್ಚು ಹಿಡಿದು ನಿಂತವನ ಎದುರು ಒಂದು ಲಾಠಿಯನ್ನು ನೆಚ್ಚಿಕೊಂಡು ಹೋಗುವ ಪೇದೆಯ ಸ್ಥಿತಿ ಏನೆಂಬುದು ಸುರಕ್ಷಿತವಾಗಿ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಅಭಿಪ್ರಾಯ ಬರೆಯುವ ನನ್ನಂಥವರಿಗೆ ಪೂರ್ತಿ ಅರ್ಥವಾಗುವಂಥದ್ದಲ್ಲ. ಆದ್ದರಿಂದ ಪೊಲೀಸರು ಎಂದಿಗೂ ಗುಂಡು ಹಾರಿಸಬಾರದು ಎಂಬ ವಾದವನ್ನು ಇಲ್ಲಿಯೇ ಬದಿಗಿಡುತ್ತೇನೆ. ಒಂದೇ ಅಚ್ಚಿನ ವಿವರಣೆ ಮತ್ತೆ ಮತ್ತೆ ಬಂದಾಗ ಅದು ನಿಜವೋ ಅಲ್ಲವೋ ಎಂದು ನೋಡಬೇಕಾದವರು ಯಾರು, ಅವರು ನೋಡುತ್ತಿದ್ದಾರೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೇ ಕಲಮಿನಂತೆಯೇ, ಬಂಧನವನ್ನು ಬಲವಂತವಾಗಿ ಪ್ರತಿರೋಧಿಸುವವನ ಅಥವಾ ತಪ್ಪಿಸಿಕೊಳ್ಳಲು ಯತ್ನಿಸುವವನ ವಿರುದ್ಧ ಅಗತ್ಯವಾದ ಎಲ್ಲ ಉಪಾಯಗಳನ್ನೂ ಬಳಸಲು ಪೊಲೀಸರಿಗೆ ಅಧಿಕಾರ ಕೊಡುತ್ತದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧದ ಆರೋಪವಿಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಇದು ಕೊಡುವುದಿಲ್ಲ ಎಂದು ಅದೇ ಕಲಮು ಮುಂದೆ ಹೇಳುತ್ತದೆ. ಇದರ ಜೊತೆಗೆ ಆತ್ಮರಕ್ಷಣೆಯ ಹಕ್ಕು ನಿಮಗೂ ನನಗೂ ಇರುವಂತೆ ಪೊಲೀಸರಿಗೂ ಇದೆ. ಪ್ರಾಣಹಾನಿಯ ಅಥವಾ ತೀವ್ರ ಗಾಯದ ಭಯಕ್ಕೆ ಸಕಾರಣವಿದ್ದರೆ ಆ ಹಕ್ಕು ಎದುರಾಳಿಯನ್ನು ಕೊಲ್ಲುವವರೆಗೂ ವಿಸ್ತರಿಸುತ್ತದೆ.

ಈಗ ಕಾಲಿನ ವಿಷಯಕ್ಕೆ ಬರೋಣ. ಕಾಲಿಗೆ ಹೊಡೆದದ್ದು ಪೊಲೀಸರ ಸಂಯಮಕ್ಕೆ ಸಾಕ್ಷಿ ಎಂದು ಅನೇಕರು ವಾದಿಸುತ್ತಾರೆ, ಕೆಲವು ಸಂದರ್ಭಗಳಲ್ಲಿ ಅದು ನಿಜವೂ ಇರಬಹುದು. ಆದರೆ ಬಂದೂಕು ಯಾವ ಕಡೆಗೆ ತಿರುಗಿದ್ದರೂ ಅದು ಪ್ರಾಣ ತೆಗೆಯಬಲ್ಲ ಆಯುಧವೇ. ತೊಡೆಯಲ್ಲಿ ಹಾದುಹೋಗುವ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಸಾಯಬಹುದು, ಮಂಡಿಯ ಹಿಂಭಾಗದ ನಾಳಕ್ಕೆ ಪೆಟ್ಟು ಬಿದ್ದರೆ ಕಾಲನ್ನೇ ಕತ್ತರಿಸಬೇಕಾಗಬಹುದು. ನಸುಗತ್ತಲಲ್ಲಿ ಓಡುತ್ತಿರುವವನ ಮೊಣಕಾಲಿನ ಕೆಳಗೆ ಗುರಿಯಿಟ್ಟು ಹೊಡೆಯುವುದು ನುರಿತ ಗುರಿಕಾರನಿಗೂ ಸುಲಭವಲ್ಲ. ಎದುರಿಗಿದ್ದವನಿಂದ ಪ್ರಾಣಾಪಾಯವಿತ್ತು ಎಂದಾದರೆ ಅಷ್ಟು ಸಾವಧಾನದ ಗುರಿಗೆ ಸಮಯವೆಲ್ಲಿತ್ತು? ಅಷ್ಟು ಸಮಯವೂ ಅಂತರವೂ ಇತ್ತು ಎಂದಾದರೆ ಪ್ರಾಣಾಪಾಯ ಎಷ್ಟಿತ್ತು? ಇವಕ್ಕೆ ಪ್ರಾಮಾಣಿಕವಾದ ಉತ್ತರ ಒಂದೊಂದು ಪ್ರಕರಣದಲ್ಲಿ ಒಂದೊಂದು ರೀತಿ ಇರಬಹುದು. ಪತ್ರಿಕಾ ಪ್ರಕಟಣೆ ಬರೆಯುವವರೇ ಅದನ್ನು ತೀರ್ಮಾನಿಸುವಂತಿಲ್ಲ, ಅಷ್ಟೆ.

ಹಾಗೆ ತೀರ್ಮಾನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿ ಹತ್ತು ವರ್ಷಗಳ ಮೇಲಾಯಿತು. 1995ರಿಂದ 1997ರ ನಡುವೆ ಮುಂಬೈ ಪೊಲೀಸರ ಸುಮಾರು 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಮಂದಿ ಸತ್ತ ಬಗ್ಗೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ, 2014ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ ಹದಿನಾರು ನಿರ್ದೇಶನಗಳನ್ನು ನೀಡಿತು. ತನಿಖೆಯನ್ನು ಸಿಐಡಿಯೋ ಬೇರೊಂದು ಠಾಣೆಯ ತಂಡವೋ ಮಾಡಬೇಕು, ಮೇಲುಸ್ತುವಾರಿ ನೋಡುವವರು ಗುಂಡು ಹಾರಿಸಿದ ತಂಡದ ಮುಖ್ಯಸ್ಥರಿಗಿಂತ ಕನಿಷ್ಠ ಒಂದು ದರ್ಜೆಯಾದರೂ ಮೇಲಿನವರಾಗಿರಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಅವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೋ ವೈದ್ಯಾಧಿಕಾರಿಯೋ ದಾಖಲಿಸಿಕೊಳ್ಳಬೇಕು. ಘಟನೆಯ ಬೆನ್ನಿಗೇ ಬಡ್ತಿಯನ್ನಾಗಲಿ ಶೌರ್ಯ ಪ್ರಶಸ್ತಿಯನ್ನಾಗಲಿ ಕೊಡಕೂಡದು. ಈ ಪಟ್ಟಿ ಬಹಳ ಮಂದಿಗೆ ಗೊತ್ತು. ಇವೇ ನಿರ್ದೇಶನಗಳು ಎನ್‌ಕೌಂಟರಿನಲ್ಲಿ ತೀವ್ರವಾಗಿ ಗಾಯಗೊಂಡವರ ಪ್ರಕರಣಗಳಿಗೂ ಸಾಧ್ಯವಾದಷ್ಟು ಮಟ್ಟಿಗೆ ಅನ್ವಯಿಸುತ್ತವೆ ಎಂದು ತೀರ್ಪು ಹೇಳಿರುವುದು ಮಾತ್ರ ಚರ್ಚೆಗೇ ಬರುವುದಿಲ್ಲ.

ನನ್ನ ಆಕ್ಷೇಪವಿರುವುದು ಇಲ್ಲಿ. ಆರೋಪಿ ಸತ್ತರೆ ಏನೋ ಒಂದು ಯಂತ್ರ ಚಾಲೂ ಆಗುತ್ತದೆ: ಶವಪರೀಕ್ಷೆಯ ಚಿತ್ರೀಕರಣ, ಸಿಐಡಿ, ಮಾನವ ಹಕ್ಕುಗಳ ಆಯೋಗಕ್ಕೆ ಮಾಹಿತಿ. ಅವನು ಬದುಕಿದರೆ ಸಾಮಾನ್ಯವಾಗಿ ನಾವು ಓದುವುದು ಅವನ ಮೇಲೆಯೇ ಕೊಲೆ ಯತ್ನ ಮತ್ತು ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪದ ಇನ್ನೊಂದು ಎಫ್‌ಐಆರ್ ದಾಖಲಾದ ಸುದ್ದಿಯನ್ನು. ಗುಂಡು ಹಾರಿದ್ದು ಸರಿಯೇ ಎಂಬ ತನಿಖೆಯನ್ನು ಯಾರು ಮಾಡಿದರು, ಏನು ಕಂಡುಕೊಂಡರು ಎಂಬ ವರದಿ ಪತ್ರಿಕೆಯಲ್ಲಿ ಬಂದದ್ದನ್ನು ನೆನಪಿಸಿಕೊಳ್ಳಲು ಹೊರಟರೆ ನನಗೆ ಒಂದೂ ಸಿಗುವುದಿಲ್ಲ. ಉತ್ತರ ಪ್ರದೇಶದಲ್ಲಿ ಹೀಗೆ ಕಾಲಿಗೆ ಗುಂಡು ಹೊಡೆಯುವುದಕ್ಕೆ ‘ಆಪರೇಷನ್ ಲಂಗ್ಡಾ’ (ಲಂಗ್ಡಾ ಎಂದರೆ ಕುಂಟ) ಎಂದು ಹೆಸರೇ ಬಿದ್ದಿದೆ. ನಮ್ಮಲ್ಲಿ ಹೆಸರು ಬೀಳದಿರುವುದು ಸಮಾಧಾನದ ಸಂಗತಿಯೇನಲ್ಲ.

ವಿವರಣೆಯನ್ನು ಪರೀಕ್ಷೆಗೆ ಒಡ್ಡಿದರೆ ಏನಾಗಬಹುದು ಎಂಬುದಕ್ಕೆ ಹೈದರಾಬಾದಿನ ಪ್ರಕರಣವಿದೆ. 2019ರ ನವೆಂಬರಿನಲ್ಲಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಮಾಡಿ ಕೊಂದ ಆರೋಪದ ಮೇಲೆ ಬಂಧಿತರಾಗಿದ್ದ ನಾಲ್ವರನ್ನು ಡಿಸೆಂಬರ್ 6ರ ಬೆಳಗಿನ ಜಾವ, ಆಕೆಯ ವಸ್ತುಗಳನ್ನು ವಶಪಡಿಸಿಕೊಳ್ಳಲೆಂದು ಚಟಾನ್‌ಪಲ್ಲಿಗೆ ಕರೆದೊಯ್ಯಲಾಯಿತು. ಅವರು ಆಯುಧ ಕಸಿದುಕೊಂಡು ದಾಳಿ ಮಾಡಿದರೆಂದೂ ಪ್ರತಿಯಾಗಿ ಹಾರಿಸಿದ ಗುಂಡಿಗೆ ನಾಲ್ವರೂ ಸತ್ತರೆಂದೂ ಪೊಲೀಸರು ಹೇಳಿದರು. ಪೊಲೀಸರ ಮೇಲೆ ಜನ ಹೂವಿನ ಎಸಳು ಚೆಲ್ಲಿದರು. ಸೈಬರಾಬಾದಿನ ಕಮಿಷನರ್ ಆಗಿದ್ದ ವಿ.ಸಿ. ಸಜ್ಜನರ್ ಹುಬ್ಬಳ್ಳಿಯವರು ಎಂಬ ಕಾರಣಕ್ಕೆ ನಮ್ಮಲ್ಲೂ ಹೆಮ್ಮೆಯ ಪೋಸ್ಟುಗಳು ಹರಿದಾಡಿದವು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾದಾಗ, ಆಯುಧ ಕಸಿದ ಕಥೆ ನಂಬಲರ್ಹವಲ್ಲವೆಂದೂ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತರೆಂದೂ ಅದು ಹೇಳಿತ್ತು. ಹತ್ತು ಮಂದಿ ಪೊಲೀಸರನ್ನು ಕೊಲೆಯ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತ್ತು. ಆ ಹತ್ತು ಹೆಸರುಗಳಲ್ಲಿ ಕಮಿಷನರ್ ಹೆಸರಿಲ್ಲ ಎಂಬುದನ್ನೂ ಹೇಳಬೇಕು. ಮುಂದಿನ ಕ್ರಮದ ಪ್ರಶ್ನೆ ತೆಲಂಗಾಣ ಹೈಕೋರ್ಟಿಗೆ ಹೋಯಿತು. ಆಯೋಗದ ಮಾತೇ ಅಂತಿಮ ಎನ್ನಲಾಗದು, ಆದರೆ ಹೂವು ಚೆಲ್ಲಿದ ದಿನ ಎಲ್ಲರೂ ನಂಬಿದ್ದ ವಿವರಣೆ ಮೊದಲ ಗಂಭೀರ ಪರಿಶೀಲನೆಯಲ್ಲೇ ನಿಲ್ಲಲಿಲ್ಲ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವನ್ನು ಕೊಂದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಒಂದು ಗುಂಡು ಕಾಲಿಗೂ ಇನ್ನೊಂದು ಬೆನ್ನಿಗೂ ತಗುಲಿತೆಂದು ಪೊಲೀಸರೇ ಹೇಳಿದ್ದರು. ತನಿಖೆ ಸಿಐಡಿಗೆ ಹೋಯಿತು, ವಿಷಯ ಹೈಕೋರ್ಟಿನ ಮುಂದೆಯೂ ಬಂತು. ಅಲ್ಲಿ ಏನು ನಡೆಯಿತೆಂದು ತೀರ್ಪು ಕೊಡಲು ನಾನು ಯಾರೂ ಅಲ್ಲ, ತೀರ್ಪು ಕೊಡಬೇಕಾದವರು ಬೇರೆ ಇದ್ದಾರೆ. ಆ ದಿನ ಠಾಣೆಯ ಮುಂದೆ ಸೇರಿದ್ದ ತಾಯಂದಿರ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ ಇರುವ ಪೋಕ್ಸೊ ಕಾಯ್ದೆಯ 35ನೇ ಕಲಮು ಸಾಧ್ಯವಾದಷ್ಟು ಒಂದು ವರ್ಷದೊಳಗೆ ವಿಚಾರಣೆ ಮುಗಿಸಿ ಎನ್ನುತ್ತದೆ. ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ಕಂಡವರು ಆ ಮಾತನ್ನು ನಂಬುವುದು ಕಷ್ಟ. ಕೋರ್ಟಿನ ಮೇಲಿನ ನಿರಾಶೆಯೇ ಪಿಸ್ತೂಲಿಗೆ ಬೀಳುವ ಚಪ್ಪಾಳೆಯಾಗುತ್ತದೆ.

ಆದರೆ ಚಪ್ಪಾಳೆ ತಟ್ಟುವವರು ಪ್ರಕರಣದ ಮುಂದಿನ ಗತಿಯನ್ನು ಯೋಚಿಸುವುದಿಲ್ಲ. ಆರೋಪಿ ಸತ್ತರೆ ಅವನ ಮೇಲಿನ ವಿಚಾರಣೆಯೇ ನಿಂತುಹೋಗುತ್ತದೆ. ಅವನೇ ಮಾಡಿದನೇ, ಜೊತೆಗೆ ಯಾರಾದರೂ ಇದ್ದರೇ ಎಂಬುದು ಸಾಕ್ಷ್ಯದ ಕಟಕಟೆಗೆ ಬರುವುದೇ ಇಲ್ಲ. ಕಾಲಿಗೆ ಬಿದ್ದರೂ ತೊಂದರೆ ಸಣ್ಣದಲ್ಲ. ಪೊಲೀಸರ ಮುಂದೆ ಆರೋಪಿ ನೀಡಿದ ಹೇಳಿಕೆಯಲ್ಲಿ ನ್ಯಾಯಾಲಯ ಒಪ್ಪುವುದು, ಅದರಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದ ಭಾಗವನ್ನು ಮಾತ್ರ. ಅದಕ್ಕಾಗಿಯೇ ಅವನನ್ನು ಸ್ಥಳಕ್ಕೆ ಕರೆದೊಯ್ಯುವುದು. ಆ ಭೇಟಿಯಲ್ಲೇ ಗುಂಡು ಹಾರಿದರೆ, ಮಚ್ಚು ಸಿಕ್ಕಿದ್ದು ಅವನು ಸ್ವಇಚ್ಛೆಯಿಂದ ತೋರಿಸಿದ್ದರಿಂದಲೋ ಪಿಸ್ತೂಲಿನ ಭಯದಿಂದಲೋ ಎಂಬ ಅನುಮಾನವನ್ನು ಆರೋಪಿಯ ಪರ ವಕೀಲರು ಎತ್ತದೆ ಬಿಡುತ್ತಾರೆಯೇ? ನಿಜವಾದ ಅಪರಾಧಿಯ ವಿರುದ್ಧದ ಗಟ್ಟಿ ಸಾಕ್ಷ್ಯವನ್ನು ಪೊಲೀಸರು ತಾವೇ ಸಡಿಲ ಮಾಡಿಕೊಂಡಂತೆ ಆಗುತ್ತದೆ.

ಹೊಸ ಕಾನೂನು ಬಂದ ಮೇಲಂತೂ ಕೇಳಬೇಕಾದ ಪ್ರಶ್ನೆಗಳು ಇನ್ನಷ್ಟು ನೇರವಾಗಿವೆ. ರೂಢಿಗತ ಅಪರಾಧಿಗಳಿಗೆ, ಹಿಂದೆ ಕಸ್ಟಡಿಯಿಂದ ತಪ್ಪಿಸಿಕೊಂಡವರಿಗೆ, ಕೊಲೆ ಅತ್ಯಾಚಾರಗಳಂಥ ಗಂಭೀರ ಆರೋಪವಿರುವವರಿಗೆ ಬಂಧಿಸುವಾಗ ಮತ್ತು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಕೈಕೋಳ ತೊಡಿಸಬಹುದು ಎಂದು 43ನೇ ಕಲಮು ಈಗ ಸ್ಪಷ್ಟವಾಗಿ ಹೇಳುತ್ತದೆ. 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೈಕೋಳವನ್ನು ಅಮಾನವೀಯ ಎಂದಿದ್ದರು. ಈ ಬದಲಾವಣೆ ನನಗೆ ಪೂರ್ತಿ ಇಷ್ಟವಾಗಿಲ್ಲ. ಆದರೂ ಅಧಿಕಾರ ಕೊಟ್ಟಾಗಿದೆ. ಸ್ಥಳ ಮಹಜರಿನ ಪ್ರಸ್ತಾಪ ಆ ಕಲಮಿನಲ್ಲಿಲ್ಲ ಎಂಬ ತಾಂತ್ರಿಕ ಉತ್ತರ ಬರಬಹುದು. ಅಷ್ಟು ಅಪಾಯಕಾರಿಯೆಂದು ಗೊತ್ತಿದ್ದವನನ್ನು ಕತ್ತಲಲ್ಲಿ, ಕಡಿಮೆ ಸಿಬ್ಬಂದಿಯೊಂದಿಗೆ, ಆಯುಧ ಅಡಗಿಸಿಟ್ಟ ಜಾಗಕ್ಕೇ ಕೈಕೋಳವಿಲ್ಲದೆ ಕರೆದೊಯ್ದದ್ದೇಕೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಹಲ್ಲೆ ನಿಜವಾಗಿ ನಡೆದಿದ್ದರೆ ಆ ಕಾನ್‌ಸ್ಟೆಬಲ್ ಗಾಯಗೊಂಡದ್ದು ಮೇಲಧಿಕಾರಿಯ ಅಜಾಗರೂಕತೆಯಿಂದಲೂ ಹೌದಲ್ಲವೇ? ಪೊಲೀಸರ ಪರ ಮಾತನಾಡುವವರು ಇದನ್ನೇಕೆ ಕೇಳುವುದಿಲ್ಲವೋ ನಾನರಿಯೆ.

ಇನ್ನೊಂದು, ಅದೇ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು. ಶೋಧ ಮತ್ತು ವಸ್ತುಗಳ ವಶಪಡಿಸಿಕೊಳ್ಳುವಿಕೆಯನ್ನು ಧ್ವನಿಸಹಿತ ವಿಡಿಯೊ ಮಾಡಬೇಕು, ಮೊಬೈಲ್ ಫೋನಿನಲ್ಲಾದರೂ ಸರಿ, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು ಎಂದು ಅದು ಕಡ್ಡಾಯ ಮಾಡಿದೆ. ಅಂದರೆ ಆಯುಧ ವಶಪಡಿಸಿಕೊಳ್ಳಲು ಹೋದ ತಂಡದ ಕೈಯಲ್ಲಿ ಕ್ಯಾಮೆರಾ ಸಿದ್ಧವಾಗಿರಲೇಬೇಕು. ಅಂಥ ಹೊತ್ತಿನಲ್ಲಿ ಹಲ್ಲೆಯಾದರೆ ಅದರ ಒಂದಿಷ್ಟಾದರೂ ದೃಶ್ಯ ಇರಬೇಕಲ್ಲ? ಇದ್ದರೆ ಅದು ಪೊಲೀಸರಿಗೇ ಅತ್ಯುತ್ತಮ ರಕ್ಷಣೆ.

ಇದನ್ನೆಲ್ಲ ಕೇಳುವವರು ರೌಡಿಗಳ ಪರ, ದೆಹಲಿಯ ಎನ್‌ಜಿಒ ಮಂದಿ ಎಂಬ ಮಾತು ಕಾಮೆಂಟಿನಲ್ಲಿ ಬಂದೇ ಬರುತ್ತದೆ. ಎನ್‌ಕೌಂಟರ್ ಸಾವುಗಳ ಬಗ್ಗೆ ಎಲ್ಲ ಮುಖ್ಯಮಂತ್ರಿಗಳಿಗೆ 1997ರ ಮಾರ್ಚಿನಲ್ಲಿ ಪತ್ರ ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿ. ಇನ್ನೊಬ್ಬರ ಪ್ರಾಣ ತೆಗೆಯುವ ವಿಶೇಷ ಹಕ್ಕೇನೂ ಪೊಲೀಸರಿಗಿಲ್ಲ. ಆತ್ಮರಕ್ಷಣೆಯ ಅಥವಾ ಬಂಧನಕ್ಕೆ ಬೇಕಾದ ಬಲದ ಮಿತಿಯೊಳಗೆ ಆ ಕೃತ್ಯ ಬರುತ್ತದೆಯೇ ಎಂಬುದು ತನಿಖೆಯಿಂದಲೇ ಗೊತ್ತಾಗಬೇಕು ಎಂಬುದು ಆ ಪತ್ರದ ತಿರುಳು. ಅವರನ್ನು ರೌಡಿಗಳ ಪರ ಎನ್ನುವ ಧೈರ್ಯವಿದ್ದವರು ಅನ್ನಲಿ. ಬ್ಯಾಂಕಿಗೆ ಕೋಟಿಗಟ್ಟಲೆ ನಾಮ ಹಾಕಿದ ಆರೋಪಿಯನ್ನು ಕಡತ ವಶಪಡಿಸಿಕೊಳ್ಳಲು ಕರೆದೊಯ್ದಾಗ ಅವನು ಮೂತ್ರ ವಿಸರ್ಜನೆಯ ನೆಪದಲ್ಲಿ ಓಡಿ ಗುಂಡು ತಿಂದ ಸುದ್ದಿಯನ್ನು ನಾನಂತೂ ಓದಿಲ್ಲ ಎಂಬುದನ್ನೂ ಅವರ ಗಮನಕ್ಕೆ ತರುತ್ತೇನೆ.

ನಮ್ಮ ಶಾಸಕರಲ್ಲಿ ಯಾರಾದರೂ ಒಬ್ಬರು ಮುಂದಿನ ಅಧಿವೇಶನದಲ್ಲಿ ಗೃಹ ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸದನದಲ್ಲೇ ಬಾಯಿಮಾತಿನ ಉತ್ತರ ಬೇಡುವ ಪ್ರಶ್ನೆ, ಕೇಳಬಹುದು. 2014ರ ತೀರ್ಪಿನ ನಂತರ ರಾಜ್ಯದಲ್ಲಿ ಬಂಧನದ ವೇಳೆ ಅಥವಾ ಬಂಧನದಲ್ಲಿದ್ದಾಗ ಪೊಲೀಸರ ಗುಂಡಿನಿಂದ ಗಾಯಗೊಂಡ ಆರೋಪಿಗಳು ಜಿಲ್ಲಾವಾರು ಎಷ್ಟು ಮಂದಿ? ಅವುಗಳಲ್ಲಿ ಎಷ್ಟನ್ನು ಸಿಐಡಿ ಅಥವಾ ಬೇರೊಂದು ಠಾಣೆ ತನಿಖೆ ಮಾಡಿತು? ಎಷ್ಟು ಗಾಯಾಳುಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಅಥವಾ ವೈದ್ಯಾಧಿಕಾರಿ ದಾಖಲಿಸಿಕೊಂಡರು? 2024ರ ಜುಲೈ ನಂತರದ ಪ್ರಕರಣಗಳಲ್ಲಿ ಎಷ್ಟಕ್ಕೆ ವಿಡಿಯೊ ಇದೆ? ಗುಂಡು ಹಾರಿಸಿದ್ದು ಅನಗತ್ಯವಾಗಿತ್ತು ಎಂದು ಯಾವುದಾದರೂ ಒಂದು ಪ್ರಕರಣದಲ್ಲಾದರೂ ಕಂಡುಬಂದಿದೆಯೇ? ಉತ್ತರವನ್ನು ಸದನದಲ್ಲಿ ಮಂಡಿಸಲಿ, ಜಿಲ್ಲಾವಾರು ಪಟ್ಟಿಯ ಸಮೇತ.