ಟೈರಿನ ಗಾಳಿ ಇಳಿಸಿದ ಮೇಲೆ

ದುಬೈ, ಶಾರ್ಜಾದಲ್ಲಿ ನವೆಂಬರ್ ಬಂತೆಂದರೆ ಬಾಲ್ಕನಿಯ ಮೂಲೆಯಲ್ಲಿ ಮಲಗಿದ್ದ ಸಲಿಕೆಗಳೆಲ್ಲ ಎದ್ದು ಲಿಫ್ಟ್ ಹತ್ತುತ್ತವೆ. ತುಳಸಿ ಕುಂಡಕ್ಕೂ ಅಂಗಡಿಯಿಂದ ಪ್ಯಾಕೆಟ್ ಮಣ್ಣು ತರುವ ಫ್ಲ್ಯಾಟಿನ ಜನಕ್ಕೆ ಸಲಿಕೆ ಯಾಕೆ ಅಂತ ಊರಿಂದ ಬಂದವರು ಕೇಳಿಯೇ ಕೇಳುತ್ತಾರೆ. ಮರಳುಗಾಡಿಗೆ ಹೋಗೋಕೆ ಅಂದರೆ ಇನ್ನೂ ಗಾಬರಿ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಈ ದೇಶದಲ್ಲಿ ಮರಳಿನ ಮೇಲೆ ರಾತ್ರಿ ಕಳೆಯಲು ಆಗುವುದು ಮಾರ್ಚ್‌ವರೆಗೆ ಮಾತ್ರ. ಹಾಗಾಗಿ ಆ ನಾಲ್ಕೈದು ತಿಂಗಳು ಶನಿವಾರ ಬಂದರೆ ಸಾಕು, ಅರ್ಧ ಊರು ಡೇರೆ ಕಟ್ಟಿಕೊಂಡು ಹೊರಡುತ್ತದೆ.

ಎಲ್ಲ ಬಿಟ್ಟು ಸುಮ್ನೆ ಒಂದು ರಾತ್ರಿ ಇದ್ದು ಬರೋಣ ಅಂತಲೇ ಮಾತು ಶುರುವಾಗುತ್ತದೆ. ಆಮೇಲೆ ಗಾಡಿ ತುಂಬುವಾಗ ನೋಡಬೇಕು. ಗ್ಯಾಸ್ ಒಲೆ, ಕುಕ್ಕರ್, ಇದ್ದಿಲು, ದಿಂಬು, ಹೊದಿಕೆ, ಇಪ್ಪತ್ತು ಲೀಟರ್ ನೀರಿನ ಕ್ಯಾನುಗಳು, ಮಕ್ಕಳಿಗೆ ನೂಡಲ್ಸ್, ಹಾವೇರಿಯಿಂದ ಬಂದಿರುವ ಅತ್ತೆಯ ಡಬ್ಬಿಯಲ್ಲಿ ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಕೆಳಗಿನ ವಾಚ್‌ಮನ್ ಒಮ್ಮೆ ಮನೆ ಖಾಲಿ ಮಾಡ್ತಿದ್ದೀರಾ ಅಂತ ಕೇಳಿಯೇಬಿಟ್ಟ. ನಮ್ಮನೆಯವರ ಸಾಮಾನು ಇನ್ನೊಂದು ಕಡೆ: ಕಂಪ್ರೆಸರ್, ಗಾಡಿ ಎಳೆಯುವ ಹಗ್ಗ, ಅದಕ್ಕೆ ಕೊಂಡಿ, ಪ್ರೆಷರ್ ನೋಡುವ ಗೇಜ್, ಉದ್ದ ಕಡ್ಡಿಗೆ ಕಟ್ಟಿದ ಬಾವುಟ. ಬಾವುಟ ನೋಡಿ ಅತ್ತೆ "ಯಾವ ಪಾರ್ಟಿದು?" ಅಂತ ಕೇಳಿದರು. ದಿಬ್ಬದ ಆಚೆಯಿಂದ ಏರಿ ಬರುವ ಗಾಡಿ ಈಚೆಯವರಿಗೆ ಕಾಣುವುದಿಲ್ಲ. ಮೊದಲು ಕಾಣುವುದು ಬಾವುಟದ ತುದಿ. ನೆತ್ತಿಯ ಮೇಲೆ ಎರಡು ಗಾಡಿಗಳು ಮುಖಾಮುಖಿ ಆಗದಿರಲಿ ಅಂತ ಅದು.

ದುಬೈಯಿಂದ ಹತ್ತಾ ಕಡೆಗೆ ಹೋಗುವ ದಾರಿಯಲ್ಲಿ ಅಲ್ ಬದಾಯರ್ ಸಿಗುತ್ತದೆ. ಅಲ್ಲಿನ ಮರಳು ಕೆಂಪು. ಕಣಗಳ ಮೇಲೆ ಕಬ್ಬಿಣದ ಆಕ್ಸೈಡ್ ಕೂತಿರುವುದರಿಂದ ಆ ಬಣ್ಣ. ಧೈರ್ಯವಂತರು ಇನ್ನೂ ದಕ್ಷಿಣಕ್ಕೆ, ರುಬ್ ಅಲ್ ಖಾಲಿ ಅನ್ನುವ ಮಹಾ ಮರುಭೂಮಿಯ ಅಂಚಿನ ಲಿವಾಕ್ಕೆ ಹೋಗುತ್ತಾರೆ. ಅಲ್ಲಿನ ತಲ್ ಮೊರೀಬ್ ದಿಬ್ಬ ಸುಮಾರು 300 ಮೀಟರ್ ಎತ್ತರ. ಅತ್ತೆ, ಮಕ್ಕಳು, ಕುಕ್ಕರ್ ಇರುವ ಗಾಡಿಗೆ ಅದು ಹೇಳಿದ್ದಲ್ಲ ಅಂತ ನನ್ನ ಅಭಿಪ್ರಾಯ. ನಮ್ಮನೆಯವರ ಅಭಿಪ್ರಾಯವನ್ನು ನಾನು ಕೇಳಿಲ್ಲ.

ಡಾಂಬರು ಮುಗಿಯುವ ಕಡೆ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಗಂಡಸರು ಚಕ್ರಕ್ಕೊಬ್ಬರಂತೆ ಕುಕ್ಕರಗಾಲಲ್ಲಿ ಕೂರುತ್ತಾರೆ. ವಾಲ್ವಿನ ಮುಚ್ಚಳ ಬಿಚ್ಚಿ ಮಕ್ಕಳ ಅಂಗೈಗೆ ಹಾಕಿ, ಒಳಗಿನ ಸಣ್ಣ ಪಿನ್ನನ್ನು ಒತ್ತಿ ಹಿಡಿಯುತ್ತಾರೆ. ಸುಯ್ಯೆಂದು ಗಾಳಿ ಹೋಗುತ್ತದೆ. ಗೇಜ್ ಇಡು, ನೋಡು, ಮತ್ತೆ ಒತ್ತು. ಬೆರಳಿಗೆ ತಣ್ಣಗೆ ತಾಗುತ್ತದೆ. ಗಾಳಿಯ ಒತ್ತಡ 35 ಪಿಎಸ್‌ಐ ಇದ್ದದ್ದು 15ರ ಹತ್ತಿರ ಬರುವಷ್ಟರಲ್ಲಿ ಟೈರು ಕೆಳಗೆ ಉಬ್ಬಿಕೊಂಡು ಉದ್ದಕ್ಕೆ ಹರಡಿರುತ್ತದೆ. ಅಷ್ಟೇ ಭಾರ ಈಗ ಜಾಸ್ತಿ ಜಾಗದ ಮೇಲೆ ಕೂತಿದೆ, ಹಾಗಾಗಿ ಮರಳು ತಡೆದುಕೊಳ್ಳುತ್ತದೆ. ಒಂಟೆಯ ಪಾದ ಮಾಡುವುದೂ ಇದನ್ನೇ. ನೆಲಕ್ಕಿಟ್ಟ ಕೂಡಲೇ ಅದು ಅಗಲವಾಗುತ್ತದೆ.

ಮನುಷ್ಯರಿಗೆ ಇದು ಹೊಳೆಯಲು ಹೊತ್ತಾಯಿತು. ರಾಲ್ಫ್ ಬ್ಯಾಗ್ನೋಲ್ಡ್ ಅಂತ ಒಬ್ಬ ಬ್ರಿಟಿಷ್ ಸೇನಾಧಿಕಾರಿ ಇದ್ದ. 1920ರ ದಶಕದಲ್ಲಿ ಈಜಿಪ್ಟಿನಲ್ಲಿ ಕೆಲಸಕ್ಕಿದ್ದವನು ರಜೆ ಸಿಕ್ಕಾಗಲೆಲ್ಲ ಸ್ನೇಹಿತರ ಜೊತೆ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ನುಗ್ಗುತ್ತಿದ್ದ. ಟೈರಿನ ಗಾಳಿ ಕಡಿಮೆ ಮಾಡುವುದು, ಹೂತ ಚಕ್ರದ ಕೆಳಗೆ ಉಕ್ಕಿನ ಪಟ್ಟಿ ತೂರಿಸುವುದು, ಕಾರಿಗೆ ಸೂರ್ಯನ ನೆರಳಿನ ದಿಕ್ಸೂಚಿ ಕಟ್ಟುವುದು, ಎಲ್ಲ ಅಲ್ಲೇ ಪಳಗಿದ್ದು. ಕೊನೆಗೆ ಮರಳು ಗಾಳಿಗೆ ಹೇಗೆ ಹಾರುತ್ತದೆ ಅನ್ನುವುದರ ಮೇಲೆ 1941ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ರಜೆಯಲ್ಲಿ ಕಾರು ಹೂತರೆ ನಾವು ಜಗಳವಾಡುತ್ತೇವೆ, ಅವನು ವಿಜ್ಞಾನಿಯಾದ.

ದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸುವ ಕಡೆ ನಿಧಾನದ ಏರು, ಮರಳು ಗಟ್ಟಿ. ಇನ್ನೊಂದು ಕಡೆ 30 ಡಿಗ್ರಿಗೂ ಮೀರಿದ ಇಳಿಜಾರು, ಮುಟ್ಟಿದರೆ ಜಾರುವಷ್ಟು ಸಡಿಲ. ನೇರ ಹತ್ತಬೇಕು, ನೇರ ಇಳಿಯಬೇಕು. ಓರೆಯಾಗಿ ಹೋದರೆ ಗಾಡಿ ಪಲ್ಟಿ ಹೊಡೆಯುತ್ತದೆ. ಗಾಳಿ ಇಳಿಸಿದ ಟೈರಿಟ್ಟುಕೊಂಡು ಗಕ್ಕನೆ ತಿರುಗಿಸಿದರೆ ಟೈರು ರಿಮ್ಮಿನಿಂದಲೇ ಕಳಚಿಕೊಳ್ಳುತ್ತದೆ. ನೆತ್ತಿ ದಾಟುವಷ್ಟೇ ಆಕ್ಸಿಲರೇಟರ್ ಒತ್ತಿ, ಅಲ್ಲಿ ಕಾಲು ಸಡಿಲ ಬಿಡಬೇಕು. ಜಾಸ್ತಿಯಾದರೆ ಹಾರುತ್ತದೆ. ಕಡಿಮೆಯಾದರೆ ಹೊಟ್ಟೆ ನೆತ್ತಿಗೆ ಕಚ್ಚಿಕೊಂಡು, ಮುಂದಿನ ಚಕ್ರ ಆಚೆ, ಹಿಂದಿನದು ಈಚೆ, ಗಾಡಿ ಏತದ ಹಾಗೆ ನಿಂತುಬಿಡುತ್ತದೆ.

ನಮ್ಮ ಗುಂಪಿನ ಹೊಸ ಪಜೆರೊ ಒಂದು ಹೀಗೆ ನಿಂತಾಗಲೇ ನಮ್ಮ ಪ್ರವಾಸ ನಿಜವಾಗಿ ಶುರುವಾಗಿದ್ದು. ಮೊದಲು ಓಡಿಸುವವನು ಆಕ್ಸಿಲರೇಟರ್ ಒತ್ತುತ್ತಾನೆ. ಚಕ್ರ ಗಿರ್ರನೆ ತಿರುಗಿ ಮರಳು ಕಾರಂಜಿಯಾಗುತ್ತದೆ, ಗಾಡಿ ಇನ್ನೊಂದು ಗೇಣು ಕೆಳಗೆ. ಆಮೇಲೆ ಸಲಹೆಗಾರರು ಬರುತ್ತಾರೆ. ಎಡಕ್ಕೆ ತಿರುಗಿಸು ಅನ್ನುವವರು, ಬಲಕ್ಕೆ ಅನ್ನುವವರು, ಲೋ ಗೇರ್ ಹಾಕು ಅನ್ನುವವರು, ಹೊಟ್ಟೆ ಕೆಳಗೆ ಮರಳು ತೆಗೆಯದೆ ಫೋಟೊ ತೆಗೆಯುವವರು. ಮೊಣಕಾಲೂರಿ ಕೈಯಲ್ಲೇ ಮರಳು ಬಗೆಯುವವರು ಯಾವಾಗಲೂ ಮಾತಾಡದ ಒಬ್ಬಿಬ್ಬರು. ಮಕ್ಕಳಿಗಂತೂ ಹಬ್ಬ. ಎಷ್ಟು ತೋಡಿದರೂ ಬೈಯದ ಜಾಗ ಬೇರೆ ಎಲ್ಲಿದೆ?

ಅಷ್ಟರಲ್ಲಿ ಎಲ್ಲಿಂದಲೋ ಹಳೆಯ ಲ್ಯಾಂಡ್ ಕ್ರೂಸರ್ ಬಂತು. ಕಂದೂರ ಅನ್ನುವ ಬಿಳಿ ನಿಲುವಂಗಿ ತೊಟ್ಟ ಸ್ಥಳೀಯ ಮುದುಕ, ಬರಿಗಾಲು. ಯಾರನ್ನೂ ಏನೂ ಕೇಳಲಿಲ್ಲ. ಟೈರನ್ನು ಕಾಲಿನಿಂದ ಒಮ್ಮೆ ಒದ್ದು, ತಲೆಯಾಡಿಸಿ, ಬಗ್ಗಿ ಇನ್ನಷ್ಟು ಗಾಳಿ ಬಿಟ್ಟ. ಹಗ್ಗ ಸಿಕ್ಕಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಮೆಲ್ಲಗೆ ಒಂದು ಎಳೆತ. ಗಾಡಿ ಈಚೆ ಬಂದಿತ್ತು. ನಮ್ಮ ಚಹಾ ಮಾತ್ರ ಕುಡಿದು ಹೋದ. ಅಲ್ಲಿಯವರೆಗೆ ಒಂದು ತಾಸು ಭೌತಶಾಸ್ತ್ರ ಹೇಳಿದವರೆಲ್ಲ ಆಮೇಲೆ "ನಾನೂ ಅದೇ ಹೇಳ್ತಿದ್ದೆ" ಅಂದರು.

ಡೇರೆ ಹೊಡೆದದ್ದು ಗಾಫ್ ಮರಗಳಿದ್ದ ಒಂದು ತಗ್ಗಿನಲ್ಲಿ. ಅತ್ತೆ ಒಂದು ಟೊಂಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸಣ್ಣ ಸಣ್ಣ ಎಲೆ, ನಡುವೆ ಮುಳ್ಳು. "ಇದು ನಮ್ಮ ಬನ್ನಿ ಗಿಡ ಅಲ್ಲೇನವಾ?" ನಿಜ, ಅದೇ. ಪಾಂಡವರು ಆಯುಧ ಬಚ್ಚಿಟ್ಟ, ದಸರೆಗೆ ನಾವು ಎಲೆ ಹಂಚಿ ಬಂಗಾರದ ಹಾಗೆ ಇರೋಣ ಅನ್ನುವ ಬನ್ನಿಯೇ ಇಲ್ಲಿಯ ರಾಷ್ಟ್ರೀಯ ಮರ. ಬೇರು ನೀರು ಹುಡುಕಿಕೊಂಡು ಹತ್ತಾರು ಮೀಟರ್ ಆಳಕ್ಕಿಳಿಯುತ್ತದೆ. 2019ನ್ನು ಈ ದೇಶ ಸಹಿಷ್ಣುತೆಯ ವರ್ಷ ಅಂತ ಆಚರಿಸಿದಾಗ ಚಿಹ್ನೆಯಾಗಿ ಆರಿಸಿದ್ದೂ ಇದನ್ನೇ. ಕಡಿಯುವ ಹಾಗಿಲ್ಲ, ಬೆಂಕಿಗೆ ಸೌದೆ ಮನೆಯಿಂದಲೇ ತರಬೇಕು ಅಂದೆ. ಅತ್ತೆಗೆ ಕಾನೂನು ಬಹಳ ಹಿಡಿಸಿತು. ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಆ ಮರಕ್ಕೆ ಮಕ್ಕಳು ಹಗ್ಗ ಕಟ್ಟಲೂ ಬಿಡಲಿಲ್ಲ.

ರಾತ್ರಿ ಇದ್ದಿಲಿನ ಮೇಲೆ ಬದನೇಕಾಯಿ ಸುಟ್ಟೆವು. ಬಿಸಿ ಮಾಡಬೇಕಿಲ್ಲ, ಹಳಸುವುದಿಲ್ಲ, ಕಡಕ್ ರೊಟ್ಟಿಯಂಥ ಕ್ಯಾಂಪಿಂಗ್ ತಿಂಡಿ ಇನ್ನೊಂದಿಲ್ಲ. ಮರಳು ಬಿದ್ದರೂ ಗೊತ್ತಾಗುವುದಿಲ್ಲ, ಹೇಗೂ ಕರಕರ ಅನ್ನಬೇಕಲ್ಲ. ಚಳಿ ಮಾತ್ರ ಯಾರೂ ನಂಬದಷ್ಟು. ಬೆಳಿಗ್ಗೆ ಎದ್ದರೆ ಡೇರೆಯ ಬಟ್ಟೆ ಇಬ್ಬನಿಗೆ ತೊಪ್ಪೆ. ದಿಬ್ಬದ ಆಚೆ ಹೋಗಿ ಬರುವ ಬೆಳಗಿನ ಕೆಲಸದ ಬಗ್ಗೆ ಬರೆಯುವುದಿಲ್ಲ. ಆದರೆ ಅದಕ್ಕೂ ಸಲಿಕೆ ಬೇಕು, ಮತ್ತು ಆಗಲೇ ಯಾವುದಾದರೂ ಒಂಟೆ ಬಂದು ನಿಂತು ನೋಡುತ್ತದೆ.

ತಂಪಿಗೆ ಮರಳು ಗಟ್ಟಿಯಾಗಿದ್ದರಿಂದ ವಾಪಸು ಬರುವಾಗ ಯಾವ ಗಾಡಿಯೂ ಹೂಳಲಿಲ್ಲ. ಯಾರಿಗೂ ಅಂಥ ಖುಷಿಯೂ ಆಗಲಿಲ್ಲ. ಡಾಂಬರಿನ ಅಂಚಿನಲ್ಲಿ ಕಂಪ್ರೆಸರ್ ಹಚ್ಚಿ ಮತ್ತೆ ಗಾಳಿ ತುಂಬುವುದೇ ದೊಡ್ಡ ಕೆಲಸ. ಬಿಡುವಾಗ ಎರಡು ನಿಮಿಷ, ತುಂಬುವಾಗ ಮಕ್ಕಳು ಎರಡು ಸಲ ಜಗಳವಾಡಿ ರಾಜಿಯಾಗುವಷ್ಟು ಹೊತ್ತು.

ಮರುದಿನ ಅತ್ತೆ ಹಾವೇರಿಗೆ ಫೋನ್ ಮಾಡಿದರು. ಅವರ ತಮ್ಮ ನೀರು ಬಿಟ್ಟ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಸಿಕ್ಕಿಸಿಕೊಂಡು ಕೂತಿದ್ದರು. ಒಂಟೆ ನೋಡಿದ್ಯಾ ಅಂತ ಅವರು ಕೇಳುವಷ್ಟರಲ್ಲಿ ಅತ್ತೆಯ ದನಿ ಏರಿತು. "ಮೊದಲ ಗಾಲಿ ಗಾಳಿ ಇಳಸೋ ತಮ್ಮಾ, ಹದಿನೈದಕ್ಕ ತಾ. ಆಮ್ಯಾಲೆ ಮೆಲ್ಲಕ ಎಳಸು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕಾ, ನೀ ಫೋನ್ ಅಳಿಯಂದ್ರ ಕೈಗೆ ಕೊಡು."