ಅಜ್ಜನ ವಾಚು ಸರ್ವಿಸಿಗೆ ಕೊಟ್ರೆ ಎಷ್ಟು ದಿನ ಕಾಯ್ಬೇಕು?

ಹಳೇ ಕೀ ಕೊಡೋ ವಾಚು ಸರ್ವಿಸ್ ಆಗೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ರೆ ನಾನು ಹೇಳೋದು ಮೂರು ವಾರದಿಂದ ಒಂದು ತಿಂಗಳು. ಪಾರ್ಟ್ ಏನೂ ಹೋಗಿಲ್ಲ, ಬರೀ ಸರ್ವಿಸ್ ಅಂದ್ರೆ ಇಷ್ಟು. ಅರ್ಧ ಗಂಟೇಲಿ ಮಾಡ್ಕೊಡ್ತೀನಿ ಕೂತ್ಕೊಳ್ಳಿ ಅನ್ನೋರ ಹತ್ರ ನಾನು ಕೊಡಲ್ಲ, ಆರು ತಿಂಗಳು ಇಟ್ಕೊಂಡು ಫೋನೇ ಎತ್ತದೇ ಇರೋರ ಹತ್ರಾನೂ ಕೊಡಲ್ಲ. ಹೀಗಂದ್ರೆ ಎರಡೂ ಕಡೆಯವರಿಗೆ ಸಿಟ್ಟು ಬರುತ್ತೆ, ಬರ್ಲಿ ಬಿಡಿ.

ನಮ್ಮ ಕೊಡಗಲ್ಲಿ ಮಿಲಿಟರಿಗೆ ಹೋದೋರು ಒಬ್ಬರೂ ಇಲ್ಲದ ಮನೆತನ ಹುಡುಕೋದು ಕಷ್ಟ. ಹಾಗಾಗಿ ಬೀರುವಿನ ಮೂಲೇಲಿ ಕರ್ಚೀಫ್ ಸುತ್ತಿಟ್ಟ ಒಂದು ಸ್ವಿಸ್ ವಾಚು, ವೆಸ್ಟ್ ಎಂಡ್ ಸವಾರ್ ಪ್ರೈಮಾನೋ ಫಾವ್ರ್ ಲೂಬಾನೋ, ಇಲ್ಲಾಂದ್ರೆ ಒಂದು ಎಚ್‌ಎಂಟಿ ಜನತಾನೋ ಇದ್ದೇ ಇರುತ್ತೆ. ವರ್ಷಪೂರ್ತಿ ಅದನ್ನ ಯಾರೂ ಮುಟ್ಟಲ್ಲ. ಮದುವೆ ಬಂತು ಅಂದಾಗ ಕೊಡವ ಗಂಡಸರ ಉಡುಪು ಕುಪ್ಯಚೇಲೆ ಬಿಸಿಲಿಗೆ ಬರುತ್ತೆ, ಸೊಂಟಕ್ಕೆ ಸಿಕ್ಕಿಸೋ ಪೀಚೆಕತ್ತಿ ಹೊರಗೆ ಬರುತ್ತೆ, ಆಗ ಅಜ್ಜನ ವಾಚೂ ನೆನಪಾಗುತ್ತೆ. ಗುರುವಾರ ಅಂಗಡಿಗೆ ತಂದು "ಅಣ್ಣ, ಭಾನುವಾರ ಗೋಣಿಕೊಪ್ಪಲಲ್ಲಿ ಮದುವೆ ಇದೆ, ಶನಿವಾರ ಸಾಯಂಕಾಲ ಕೊಟ್ಬಿಡಿ" ಅನ್ನೋದು. ಇಪ್ಪತ್ತು ವರ್ಷ ಬೀರು ಒಳಗೆ ಮಲಗಿದ್ದ ವಾಚು ಎರಡೇ ದಿನದಲ್ಲಿ ಎದ್ದು ಓಡ್ಬೇಕು!

ಹಾಗಂತ ಅವರು ಕೇಳೋದ್ರಲ್ಲಿ ತಪ್ಪೂ ಇಲ್ಲ, ಯಾಕಂದ್ರೆ ಎಷ್ಟೋ ಜನ ರಿಪೇರಿಯವರು ಹಾಗೇ ಮಾಡ್ಕೊಟ್ಟು ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ. ಹಿಂದಿನ ಮುಚ್ಚಳ ತೆಗೆಯೋದು, ಒಳಗಿನ ಮೆಷಿನನ್ನ ಹಾಗ್ಹಾಗೇ ಪೆಟ್ರೋಲಲ್ಲಿ ಅದ್ದೋದು, ಊದಿ ಒಣಗಿಸೋದು, ಅಲ್ಲೊಂದು ಇಲ್ಲೊಂದು ಹನಿ ಆಯಿಲ್ ಬಿಡೋದು, ಮುಚ್ಚಳ ಹಾಕೋದು. ವಾಚು ಓಡುತ್ತೆ, ಓಡಲ್ಲ ಅಂತಲ್ಲ. ಆದ್ರೆ ಒಳಗಿನ ಹಳೇ ಆಯಿಲ್ ಗಟ್ಟಿಯಾಗಿ ಅಂಟು ಕಟ್ಟಿರೋದು ಪೂರ್ತಿ ಹೋಗಿರಲ್ಲ, ಅದರ ಮೇಲೆ ಹೊಸ ಆಯಿಲ್ ಬಿಡೋದು ಅಂದ್ರೆ ಸ್ನಾನ ಮಾಡದೇ ಸೆಂಟ್ ಹೊಡ್ಕೊಂಡ ಹಾಗೆ. ಅಂಟಿಗೆ ಧೂಳು ಸೇರಿ ಚಕ್ರದ ತುದಿಯನ್ನ ಮೆಲ್ಲಗೆ ತಿನ್ನೋಕೆ ಶುರು ಮಾಡುತ್ತೆ. ಟಿಕ್ ಟಿಕ್ ಅಂತ ಆಚೀಚೆ ಆಡೋ ಬ್ಯಾಲೆನ್ಸ್ ವೀಲ್ ಅನ್ನೋ ಚಕ್ರ ತಿರುಗೋ ತುದಿ ಇದ್ಯಲ್ಲ, ಅದರ ದಪ್ಪ ಹೆಚ್ಚುಕಮ್ಮಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ. ಅದು ಸವೆದ್ರೆ ಮುಗೀತು.

ಸರಿಯಾದ ಸರ್ವಿಸ್ ಅಂದ್ರೆ ಪೂರ್ತಿ ಬಿಚ್ಚಬೇಕು. ಮೇನ್ ಸ್ಪ್ರಿಂಗನ್ನ ಅದರ ಡಬ್ಬಿ, ಅಂದ್ರೆ ಬ್ಯಾರಲ್‌ನಿಂದ ಹೊರಗೆ ತೆಗೀಬೇಕು, ಒಂದೊಂದು ಚಕ್ರ, ಚಕ್ರಗಳನ್ನ ಹಿಡಿದಿಡೋ ಬ್ರಿಡ್ಜು, ಸ್ಕ್ರೂ ಬೇರೆ ಬೇರೆ ತೊಳೀಬೇಕು, ಚಕ್ರದ ತುದಿ ಕೂರೋ ಕಲ್ಲು, ಅಂದ್ರೆ ಜ್ಯೂಯೆಲ್‌ನ ತೂತುಗಳನ್ನ ಕಡ್ಡಿ ಚೂಪು ಮಾಡ್ಕೊಂಡು ಒಂದೊಂದಾಗಿ ಕ್ಲೀನ್ ಮಾಡ್ಬೇಕು. ಆಯಿಲ್ಲೂ ಒಂದೇ ಅಲ್ಲ, ಜೋರಾಗಿ ತಿರುಗೋ ಕಡೆಗೆ ತೆಳು, ಭಾರ ಬೀಳೋ ಕಡೆಗೆ ಮಂದ, ಕೀ ಕೊಡೋ ಭಾಗಕ್ಕೆ ಗ್ರೀಸು.

ನನಗೆ ಪರಿಚಯದ ಒಬ್ಬ ರಿಪೇರಿಯವರು ಬ್ಯಾಲೆನ್ಸ್ ಕೂರಿಸೋದನ್ನ ಪಕ್ಕದಲ್ಲೇ ನಿಂತು ನೋಡಿದ್ದೀನಿ. ಬ್ರಿಡ್ಜ್ ಇಟ್ಟ ತಕ್ಷಣ ಸ್ಕ್ರೂ ಬಿಗಿ ಮಾಡಲ್ಲ ಅವರು. ಕಣ್ಣಿಗೆ ಐ ಗ್ಲಾಸ್ ಸಿಕ್ಕಿಸ್ಕೊಂಡು, ಮರದ ಕಡ್ಡೀಲಿ ಬ್ರಿಡ್ಜ್‌ನ ಅಂಚನ್ನ ಅದುಮಿಯೂ ಅದುಮದ ಹಾಗೆ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಇಡೀ ವಾಚನ್ನ ಸ್ವಲ್ಪ ಸ್ವಲ್ಪ ಓರೆ ಮಾಡ್ತಾರೆ. ತುದಿ ಎರಡೂ ಜ್ಯೂಯೆಲ್ ಒಳಗೆ ಸರಿಯಾಗಿ ಇಳಿದ್ರೆ ಬ್ಯಾಲೆನ್ಸ್ ತಾನಾಗೇ ಅಲ್ಲಾಡೋಕೆ ಶುರುವಾಗುತ್ತೆ, ಅದಾದ್ಮೇಲೇನೇ ಸ್ಕ್ರೂ. ಅದು ಕೂರೋಕೆ ಮೊದಲೇ ಸ್ಕ್ರೂ ತಿರುಗಿಸಿದ್ರೆ ತುದಿ ಮುರಿಯುತ್ತೆ, ಆಗ ಬ್ಯಾಲೆನ್ಸ್ ಸ್ಟಾಫ್, ಅಂದ್ರೆ ಆ ಚಕ್ರದ ನಡುವಿನ ಅಚ್ಚು, ಹುಡುಕ್ಕೊಂಡು ಊರೂರು ಅಲೀಬೇಕು. ಅಷ್ಟರಲ್ಲಿ ಕರೆಂಟ್ ಹೋಯ್ತು. ಮಡಿಕೇರೀಲಿ ಮಳೇಲಿ ಕರೆಂಟ್ ಹೋಗೋದು ಸುದ್ದೀನೇ ಅಲ್ಲ ಬಿಡಿ. ಅವರು ಒಂದು ಮಾತೂ ಆಡ್ದೆ ಗಾಜಿನ ಲೋಟ ಬೋರಲು ಹಾಕಿ ವಾಚನ್ನ ಮುಚ್ಚಿ, ಕಾಫಿ ಕುಡಿಯೋಕೆ ಎದ್ದು ಹೋದ್ರು.

ಇಷ್ಟೆಲ್ಲ ಮಾಡಿದ್ರೂ ಸಾದಾ ಕೀ ಕೊಡೋ ವಾಚಿಗೆ ಕೈಕೆಲಸ ಮೂರ್ನಾಲ್ಕು ಗಂಟೇದು. ಇಲ್ಲೇ ಜನ ಹಿಡ್ಕೊಳ್ಳೋದು, ನಾಲ್ಕು ಗಂಟೆ ಕೆಲಸಕ್ಕೆ ಒಂದು ತಿಂಗಳು ಯಾಕೆ ಅಂತ. ಕೆಲಸ ಮುಗಿದ್ಮೇಲೆ ಪರೀಕ್ಷೆ ಅಂತ ಒಂದಿದೆ, ದಿನ ಹಿಡಿಯೋದು ಅದಕ್ಕೇ. ಜನತಾ ತರದ ವಾಚು ಗಂಟೆಗೆ 18,000 ಸಲ ಬಡ್ಕೊಳ್ಳುತ್ತೆ, ದಿನಕ್ಕೆ ಲೆಕ್ಕ ಹಾಕಿದ್ರೆ 4,32,000 ಸಲ. ಟೈಮ್‌ಗ್ರಾಫರ್ ಅನ್ನೋ ಮೆಷಿನ್ ಮೇಲೆ ಇಟ್ರೆ ಎರಡು ನಿಮಿಷದಲ್ಲಿ ದಿನಕ್ಕೆ ಎಷ್ಟು ಸೆಕೆಂಡ್ ಫಾಸ್ಟ್, ಎಷ್ಟು ಸ್ಲೋ ಅಂತ ಸ್ಕ್ರೀನ್ ಮೇಲೆ ಬಂದ್ಬಿಡುತ್ತೆ, ಈಗ ಎಲ್ಲರೂ ಅದರ ಫೋಟೋ ವಾಟ್ಸಾಪಲ್ಲಿ ಕಳಿಸಿ ಸರ್ವಿಸ್ ಆಯ್ತು ಸರ್ ಅಂತಾರೆ. ಆದ್ರೆ ಅದು ಆ ಎರಡು ನಿಮಿಷದ ಕಥೆ. ಫುಲ್ ಕೀ ಇದ್ದಾಗ ಚೆನ್ನಾಗಿ ಓಡೋ ವಾಚು ಇಪ್ಪತ್ತನಾಲ್ಕು ಗಂಟೆ ಕಳೆದು ಸ್ಪ್ರಿಂಗ್ ಸಡಿಲ ಆದ್ಮೇಲೆ ಹೇಗೆ ಓಡುತ್ತೆ? ಡಯಲ್ ಮೇಲ್ಮುಖವಾಗಿ ಮಲಗಿಸಿದ್ರೆ ಹೇಗೆ, ಕ್ರೌನ್ (ಕೀ ಕೊಡೋ ಗುಂಡಿ) ಕೆಳಗೆ ಮಾಡಿ ನಿಲ್ಲಿಸಿದ್ರೆ ಹೇಗೆ? ಗಂಟೆ ಮುಳ್ಳಿನ ಮೇಲೆ ನಿಮಿಷದ ಮುಳ್ಳು ಹಾದು ಹೋಗುವಾಗ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ತಾಗಿದ್ರೂ ವಾಚು ಅಲ್ಲೇ ನಿಲ್ಲುತ್ತೆ, ಅದು ಬೆಳಗಿನ ಜಾವ ನಾಲ್ಕಕ್ಕೆ ಆಗ್ಬಹುದು, ಮೆಷಿನ್ ಮೇಲೆ ಗೊತ್ತಾಗಲ್ಲ. ಒಂದು ವಾರ ದಿನಾ ಕೀ ಕೊಟ್ಟು, ಪೊಸಿಷನ್ ಬದಲಾಯಿಸಿ, ಟೈಮ್ ಬರೆದಿಟ್ಟು ನೋಡ್ಬೇಕು. ತಪ್ಪಿದ್ರೆ ಮತ್ತೆ ಬಿಚ್ಚಿ ಮತ್ತೆ ಒಂದು ವಾರ. ಇನ್ನು ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದ್ರೆ ಅಷ್ಟು ಹಳೇ ವಾಚಿಗೆ ಅದು ಒಳ್ಳೇ ಮಾರ್ಕೇ, ಮೊಬೈಲ್ ಜೊತೆ ಹೋಲಿಸಿ ಜಗಳ ಆಡ್ಬೇಡಿ.

ಮಳೆಗಾಲದ ವಿಷಯ ಬೇರೆ ಹೇಳ್ಬೇಕು, ಬಯಲುಸೀಮೆಯವರಿಗೆ ಇದು ಅರ್ಥ ಆಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೆಲ್ಟಿಗೂ ಬೂಷ್ಟು, ಚಪ್ಪಲಿಗೂ ಬೂಷ್ಟು, ಗೋಡೆಗೂ ಬೂಷ್ಟು. ಹಳೇ ವಾಚಿನ ಕೇಸಿಗೆ ನೀರು ತಡೆಯೋ ರಬ್ಬರ್ ಹೆಚ್ಚಿನವಕ್ಕೆ ಇರಲ್ಲ, ಇದ್ರೂ ಒಣಗಿ ಪುಡಿ ಆಗಿರುತ್ತೆ. ಇಂಥ ತೇವದಲ್ಲಿ ಬಿಚ್ಚಿಟ್ಟ ಸ್ಟೀಲ್ ಪಾರ್ಟಿನ ಮೇಲೆ ಬರಿಗೈ ಬೆರಳು ಸೋಕಿದ್ರೂ ತುಕ್ಕಿನ ಚುಕ್ಕೆ ಬರೋಕೆ ಜಾಸ್ತಿ ದಿನ ಬೇಡ. ನನ್ನ ಪರಿಚಯದವರು ಜೋರು ಮಳೆಯ ಆಟಿ ತಿಂಗಳಲ್ಲಿ ಅರ್ಜೆಂಟ್ ಇಲ್ಲದ ವಾಚು ಬಿಚ್ಚೋದೇ ಇಲ್ಲ, ತಗೊಂಡು ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಟ್ಬಿಡ್ತಾರೆ, ಸೆಪ್ಟೆಂಬರ್ ಮೊದಲಲ್ಲಿ ಬರೋ ಕೈಲ್‌ಪೊಳ್ದ್ ಹಬ್ಬ ಆದ್ಮೇಲೆ ಬನ್ನಿ ಅಂತಾರೆ. ಜನ ಸೋಮಾರಿ ಅಂತ ಬೈತಾರೆ. ನನಗೆ ಅದು ಸೋಮಾರಿತನ ಅಂತ ಅನ್ನಿಸಿಲ್ಲ, ಮೊದಲೇ ಹೇಳ್ತಾರಲ್ಲ, ಇಷ್ಟ ಇದ್ರೆ ಕೊಡಿ ಇಲ್ಲಾಂದ್ರೆ ತಗೊಂಡೋಗಿ.

ಪಾರ್ಟ್ ಬೇಕಾದ್ರಂತೂ ಯಾವ ಲೆಕ್ಕಾನೂ ನಿಲ್ಲಲ್ಲ. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚು ಶುರು ಮಾಡಿದ್ದು, ಆಮೇಲೆ ತುಮಕೂರಲ್ಲೂ ಫ್ಯಾಕ್ಟರಿ ಬಂತು, 2016ಕ್ಕೆ ವಾಚು ಕಂಪನಿ ಬಾಗಿಲು ಹಾಕ್ತು. ಅಂದ್ರೆ ಈಗ ಸಿಗೋ ಪಾರ್ಟ್ ಹಳೇ ಸ್ಟಾಕು, ಇಲ್ಲಾಂದ್ರೆ ಇನ್ನೊಂದು ಸತ್ತ ಎಚ್‌ಎಂಟಿಯಿಂದ ಬಿಚ್ಚಿದ್ದು. ಎಚ್‌ಎಂಟಿ ಲಕ್ಷಾಂತರ ಓಡಾಡಿರೋದ್ರಿಂದ ಹೇಗಾದ್ರೂ ಸಿಗುತ್ತೆ, ಹಳೇ ಸ್ವಿಸ್ ವಾಚಿಗೆ ಅದೇ ಕ್ಯಾಲಿಬರಿನ, ಅಂದ್ರೆ ಅದೇ ಮಾದರಿ ಮೆಷಿನಿನ, ಬ್ಯಾಲೆನ್ಸ್ ಸ್ಟಾಫ್ ಬೇಕು ಅಂದ್ರೆ ಬೆಂಗಳೂರು, ಮುಂಬೈ ಅಂತ ಕೇಳಿ ತರಿಸ್ಬೇಕು. ಅದಕ್ಕೆ ಮೂರು ತಿಂಗಳು ಆದ್ರೂ ನಾನು ಪಿಟಿಕ್ ಅನ್ನಲ್ಲ.

ನನಗೆ ಉರಿಯೋದು ಬೇರೆ ವಿಷಯಕ್ಕೆ. ನಮ್ಮ ದೊಡ್ಡಪ್ಪ ಪಟಾಲಂನಲ್ಲಿ ಇದ್ದಾಗ ಕಟ್ತಿದ್ದ ವೆಸ್ಟ್ ಎಂಡ್ ಒಂದಿತ್ತು, ದೊಡ್ಡ ಊರಲ್ಲಿ ಹೆಸರುವಾಸಿ ಜಾಗ ಅಂತ ಅಲ್ಲಿಗೆ ಕೊಟ್ವಿ. ಮಳೆ ಹಿಡಿಯೋಕೆ ಮೊದಲು ಕೊಟ್ಟಿದ್ದು, ನವೆಂಬರ್-ಡಿಸೆಂಬರಲ್ಲಿ ಬರೋ ಪುತ್ತರಿ ಹಬ್ಬ ಹತ್ರ ಬಂದ್ರೂ ಸುದ್ದಿ ಇಲ್ಲ. ಫೋನ್ ಮಾಡಿದ್ರೆ ನಾಳೆ, ಮುಂದಿನ ವಾರ, ಹುಡುಗ ರಜಾ. ಕೊನೆಗೆ ಬಂತು. ಬಂದಾಗ ಡಯಲ್ ಫಳಫಳ ಹೊಳೀತಿದೆ! ಹಳೇ ಕೆನೆ ಬಣ್ಣ, ಅಂಚಲ್ಲಿ ಇದ್ದ ಕಲೆ, ಸಣ್ಣ ಅಕ್ಷರ ಎಲ್ಲಾ ಉಜ್ಜಿ ತೆಗೆದು ಹೊಸದಾಗಿ ಪೇಂಟ್ ಹೊಡೆದು ಪ್ರಿಂಟ್ ಮಾಡಿದ್ದಾರೆ, ಅಕ್ಷರದ ಸಾಲೂ ನೆಟ್ಟಗಿಲ್ಲ. "ನಿಮಗೆ ಹೊಸದರ ತರ ಮಾಡ್ಕೊಟ್ಟಿದ್ದೀವಿ ಸರ್" ಅಂತ ಖುಷಿಯಿಂದ ಬೇರೆ ಹೇಳಿದ್ರು. ದೊಡ್ಡಪ್ಪ ಕೈಗೆ ತಗೊಂಡು ತಿರುಗಿಸಿ ನೋಡಿ "ಇದು ಯಾರ್ದು?" ಅಂತ ಕೇಳಿದ್ರು. ಅಷ್ಟು ತಿಂಗಳಲ್ಲಿ ಒಂದು ಫೋನ್ ಮಾಡಿ ಡಯಲ್ ಹೀಗಿದೆ ಏನು ಮಾಡ್ಲಿ ಅಂತ ಕೇಳಿದ್ರೆ ಎರಡು ನಿಮಿಷದಲ್ಲಿ ಮುಗಿಯೋ ಮಾತು. ಲೇಟ್ ಆಗಿದ್ದಕ್ಕೆ ನನಗೆ ಆಗ್ಲೂ ಅಷ್ಟು ಬೇಜಾರಿರಲಿಲ್ಲ, ಈಗ್ಲೂ ಇಲ್ಲ.

ರಿಪೇರಿಯವರ ಪರವಾಗಿ ಒಂದು ಮಾತು ಹೇಳ್ದೆ ಹೋದ್ರೆ ಸರಿ ಇರಲ್ಲ. ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಪೂರ್ತಿ ಬಿಚ್ಚಿ ತೊಳೆದು ವಾರ ಪರೀಕ್ಷೆ ಮಾಡಿ ಕೊಡಿ ಅಂದ್ರೆ ಯಾರು ಮಾಡ್ತಾರೆ? ಕಾಫಿ ಕೊಯ್ಲಿಗೆ ಆಳಿಗೆ ದಿನಗೂಲಿ ಎಷ್ಟು ಕೊಡ್ತೀವಿ ಅಂತ ನಮಗೆ ಗೊತ್ತಿಲ್ವಾ. ರಿಪೇರಿಯವರೂ ಬ್ಯಾಟರಿ ಬದಲಾಯಿಸಿ, ಬೆಲ್ಟ್ ಹಾಕಿ ಹೊಟ್ಟೆ ಹೊರೀತಾರೆ, ಕೀ ವಾಚಿನ ಸರದಿ ಅದರ ಮಧ್ಯ ಬರ್ಬೇಕು. ಕೆಲಸ ಬಲ್ಲೋರು ಕಮ್ಮಿ ಆಗಿದ್ದಾರೆ, ಮಕ್ಕಳು ಅಂಗಡೀಲಿ ಕೂರಲ್ಲ, ಬೆಂಗಳೂರಿಗೆ ಹೋಗಿದ್ದಾರೆ. ಹಾಗಾಗಿ ಕ್ಯೂ ಇದ್ದೇ ಇರುತ್ತೆ. ಕ್ಯೂ ಇದೆ ಅಂತ ಬಾಯಿಬಿಟ್ಟು ಹೇಳೋಕೇನು ಕಷ್ಟ ಅನ್ನೋದಷ್ಟೇ ನನ್ನ ತಕರಾರು. ಸರದಿ ಬರೋವರೆಗೆ ವಾಚು ನಮ್ಮ ಬೀರುವಲ್ಲೇ ಇರ್ಲಿ, ಬಂದಾಗ ಫೋನ್ ಮಾಡಿ, ತಂದು ಕೊಡ್ತೀವಿ. ನಿಮ್ಮ ಡ್ರಾಯರ್‌ನಲ್ಲಿ ಯಾಕೆ ಕೊಳೀಬೇಕು?

ಈಗ ನಾನು ಯಾವುದೇ ವಾಚು ಕೊಡುವಾಗ ಮೊದಲು ಡಯಲ್, ಮುಳ್ಳು, ಹಿಂದಿನ ಮುಚ್ಚಳ, ಆಗೋದಾದ್ರೆ ಒಳಗಿನ ಮೆಷಿನ್ ಫೋಟೋ ತೆಗೀತೀನಿ, ಡಯಲ್‌ಗೆ ಪೇಂಟ್ ಬೇಡ ಅಂತ ಚೀಟೀಲೇ ಬರೆಸ್ತೀನಿ, ಕೇಸ್ ಪಾಲಿಶೂ ಬೇಡ, ತೆಗೆದ ಹಳೇ ಪಾರ್ಟ್ ವಾಪಸ್ ಬೇಕು ಅಂತೀನಿ. ಅಂದಾಜು ಒಂದು ತಾರೀಕು ಕೇಳ್ತೀನಿ, ಅದು ದಾಟಿದ್ರೆ ಅವರೇ ಫೋನ್ ಮಾಡ್ಬೇಕು.

ಮತ್ತೆ ಮಿಲಿಟರಿ ಕಾಲದ ವಾಚಲ್ಲಿ ಅಂಕಿ, ಮುಳ್ಳಿನ ಮೇಲೆ ಕಂದು ಬಣ್ಣಕ್ಕೆ ತಿರುಗಿದ ದಪ್ಪ ಲೇಪ ಇದ್ರೆ ಹುಷಾರು, ಅದು ರೇಡಿಯಂ ಇರಬಹುದು, ಅಂದ್ರೆ ವಿಕಿರಣ ಸೂಸೋ ವಸ್ತು. ಕತ್ತಲಲ್ಲಿ ಹೊಳೀತಿಲ್ಲ ಅಂದ್ರೆ ರೇಡಿಯಂ ಹೋಗಿದೆ ಅಂತಲ್ಲ, ಹೊಳೆಯೋ ಪುಡಿ ಸತ್ತಿದೆ ಅಷ್ಟೇ, ರೇಡಿಯಂ ಅರ್ಧ ಆಗೋಕೇ 1,600 ವರ್ಷ ಬೇಕು. ಅದನ್ನ ಕೆರೆದು ಊದಿದ್ರೆ ಪುಡಿ ರಿಪೇರಿಯವರ ಮೂಗಿಗೆ ಹೋಗುತ್ತೆ. ಕೊಡುವಾಗಲೇ ಹೇಳಿ, ಕೆರೀಬೇಡಿ ಅಂತಾನೂ ಹೇಳಿ. ಅದನ್ನ ಮುಟ್ಟಲ್ಲ ಅಂತ ವಾಚನ್ನೇ ವಾಪಸ್ ಕೊಟ್ರೆ ಬೇಜಾರು ಮಾಡ್ಕೋಬೇಡಿ, ಅಂಥೋರ ನಂಬರ್ ಮಾತ್ರ ಸೇವ್ ಮಾಡಿಟ್ಕೊಳ್ಳಿ.